ಅಕ್ಷತೆಗೆ ಅಡ್ಡ ನಿಂತವನು

ಅವನ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಇಂಚು ಬೆಳೆದಿತ್ತು. ಉಳಿದ ಒಂಬತ್ತನ್ನು ಹಲ್ಲಿನಿಂದ ಕಚ್ಚಿ ಕಚ್ಚಿ ಬುಡಕ್ಕೆ ತಂದಿದ್ದ. ಇದೊಂದನ್ನು ಮಾತ್ರ ಮಗಳ ಜಡೆ ಸಾಕುವ ಹಾಗೆ ಸಾಕಿದ್ದ. ಫೋನಿನ ಬೆನ್ನಿಗೆ ಆ ಉಗುರು ಕೊಟ್ಟು ಎತ್ತಿದರೆ ಮುಚ್ಚಳ ಟಪ್ಪೆಂದು ಬಿಚ್ಚಿಕೊಳ್ಳುತ್ತಿತ್ತು. ಆಮೇಲೆ ಬ್ಯಾಟರಿ, ಆಮೇಲೆ ಸಿಮ್ಮು, ಅದರ ಮಗ್ಗುಲಿನಿಂದ ಕುಂಬಳಬೀಜದಷ್ಟು ಚಿಕ್ಕ ಮೆಮೊರಿ ಕಾರ್ಡು. ಮೊದಲ ಸಲ ನೋಡಿದಾಗ ನನಗೆ ಸುಮ್ಮನಿರಲಾಗಲಿಲ್ಲ.

"ಏನಯ್ಯಾ, ಇದೇ ಉಗುರಿಟ್ಕೊಂಡು ಮುದ್ದೆ ಹೆಂಗೆ ಮುರೀತೀಯಾ?" ಎಂದೆ.

"ಚಮಚದಾಗೆ ಉಣ್ತೀನಿ ಅಮ್ಮೋರೆ. ನಮ್ಮನೆಯೋಳು ಪಕ್ಕದಾಗೆ ಕೂರಾಕೂ ಒಪ್ಪಲ್ಲ."

ಮುದ್ದೆಯನ್ನು ಚಮಚದಲ್ಲಿ ಉಣ್ಣುವ ಗಂಡಸನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆವತ್ತೇ ಅವನ ಮೇಲೆ ನನಗೆ ಮಮತೆ ಹುಟ್ಟಿತು.

ಅಂಗಡಿ ಇದ್ದದ್ದು ಬಾಳ್ಳುಪೇಟೆಯಲ್ಲಿ, ಹೆದ್ದಾರಿಗೆ ಮುಖ ಮಾಡಿ. ಒಂದು ಮಗ್ಗುಲಿಗೆ ಪಂಕ್ಚರ್ ಅಂಗಡಿ, ಇನ್ನೊಂದು ಮಗ್ಗುಲಿಗೆ ಬೇಕರಿ. ಮಂಗಳೂರಿನ ಲಾರಿ ಹೋದಾಗಲೆಲ್ಲ ಅವನ ಕಂಪ್ಯೂಟರು ಚಳಿ ಬಂದಂತೆ ನಡುಗುತ್ತಿತ್ತು. ಬಾಗಿಲ ಮೇಲೆ ಅವನೇ ಬಣ್ಣದಲ್ಲಿ ಬರೆದ ಬೋರ್ಡು: 'ಮದುವೆ, ನಾಮಕರಣ, ಗೃಹಪ್ರವೇಶ ಕುಗ್ಗಿಸಿ ಕೊಡಲಾಗುವುದು.' ನಮ್ಮ ಯಜಮಾನರು ಬಸ್ಸಿನ ಕಿಟಕಿಯಿಂದ ಅದನ್ನು ಓದಿ, "ಹೆಣ್ಣು ಕೊಡೋ ಮುಂಚೆ ಇವನ್ನ ಕೇಳ್ಬೇಕಿತ್ತು ಕಣೇ" ಎಂದಿದ್ದರು.

ಈಗಿನ ಮಕ್ಕಳಿಗೆ ಇದು ತಿಳಿಯಲಿಕ್ಕಿಲ್ಲ. ನಾನು ಹೇಳುತ್ತಿರುವುದು ಹದಿನಾರು ಹದಿನೇಳು ವರ್ಷದ ಹಿಂದಿನ ಮಾತು. ಆಗ ನಮ್ಮ ಕೈಯಲ್ಲಿದ್ದದ್ದು ಬಟನ್ ಫೋನು, ಅದರ ಪರದೆ ಬೆಂಕಿಪೊಟ್ಟಣದಷ್ಟು. ಮದುವೆ ವಿಡಿಯೋ ಇರುತ್ತಿದ್ದದ್ದು ಮೂರು ಸಿಡಿಗಳಲ್ಲಿ. ಆ ಮೂರನ್ನೂ ಹಿಸುಕಿ ಹಿಸುಕಿ ಬೆಂಕಿಪೊಟ್ಟಣಕ್ಕೆ ತುಂಬಿಸಿ ಕೊಡುವುದೇ ಅವನ ಕಸುಬು. ಸಿಡಿಯನ್ನು ಕಂಪ್ಯೂಟರಿಗೆ ಹಾಕಿ, "ಬೇಯಾಕಿಟ್ಟಿವ್ನಿ, ಸಂತೆ ಮುಗಿಸ್ಕೊಂಡು ಬನ್ನಿ" ಎನ್ನುತ್ತಿದ್ದ. ಒಂದು ಮದುವೆ ಬೇಯಲು ಮೂರು ತಾಸು. ನಡುವೆ ಹಣಕಿ ನೋಡಿದರೆ, "ವರಪೂಜೆ ಬೆಂದೈತೆ, ಧಾರೆ ಇನ್ನೂ ಹಸಿ" ಎಂಬ ಉತ್ತರ. ಕರೆಂಟು ಹೋಯಿತೋ, ಮತ್ತೆ ಮೊದಲಿನಿಂದ ಒಲೆ ಹಚ್ಚಬೇಕು. ಆಗ ಅವನು ಯಾರನ್ನೂ ಬಯ್ಯುತ್ತಿರಲಿಲ್ಲ. ಬೇಕರಿಗೆ ಹೋಗಿ ಒಂದು ಬನ್ನು ತಂದು, ಸತ್ತವರ ಮನೆಯಲ್ಲಿ ಕೂತವನ ಹಾಗೆ ಕೂತು ತಿನ್ನುತ್ತಿದ್ದ.

ನನ್ನ ಹಿರೀಮಗನ ಮದುವೆಯನ್ನೂ ಅವನ ಕೈಯಲ್ಲೇ ಬೇಯಿಸಿದ್ದೆ. ನಮ್ಮೂರು ಮಗ್ಗೆಗೆ ಹೋಗುವ ಬಸ್ಸಿನಲ್ಲಿ ಕೂತು, ಪಕ್ಕದವಳಿಗೂ ಕಾಣುವ ಹಾಗೆ ಫೋನು ಹಿಡಿದು ನೋಡುತ್ತಾ ಬಂದೆ. ದೇವರಪೂಜೆ ಚೆನ್ನಾಗಿತ್ತು, ಬೀಗರ ಜಂಬವೂ ಚೆನ್ನಾಗಿ ಕಾಣುತ್ತಿತ್ತು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಇಡೀ ಮಂಟಪ ಮೈಸೂರುಪಾಕು ಕೊಯ್ದ ಹಾಗೆ ಚೌಕ ಚೌಕವಾಗಿ ಒಡೆದುಹೋಯಿತು. ಯಾರ ಮೂಗು ಯಾರ ಕಿವಿಯ ಪಕ್ಕ ಹೋಯಿತೋ ತಿಳಿಯಲಿಲ್ಲ. ಮಾರನೇ ದಿನ ಮೊದಲ ಬಸ್ಸಿಗೇ ಹೊರಟೆ.

"ಏನ್ ಮಾರಾಯ, ನನ್ ಮಗ ತಾಳಿ ಕಟ್ಟಿದ್ದು ಯಾರಿಗೆ?"

"ನಿಮ್ ಸೊಸೇಗಲ್ವಾ ಅಮ್ಮೋರೆ?"

"ಇದ್ರಾಗೆ ನೋಡಿದ್ರೆ ಬೀಗಿತ್ತಿ ಕಿವೀಗೆ ಕಟ್ಟಿದಂಗೈತಲ್ಲಯ್ಯಾ!"

ಫೋನು ಇಸಿದುಕೊಂಡು ನೋಡಿದ. ಹಾವು ಕಂಡವನ ಹಾಗೆ ತಣ್ಣಗೆ ಒಂದೇ ಮಾತು ಹೇಳಿದ: "ಅಕ್ಷತೆ."

ಆಮೇಲೆ ಸ್ಟೂಲು ಎಳೆದು ನನ್ನನ್ನು ಕೂರಿಸಿ, ಚಹಾ ತರಿಸಿ, ಅರ್ಧ ತಾಸು ಪಾಠ ಮಾಡಿದ.

"ಅಮ್ಮೋರೆ, ನೀವು ಸಂತೆಯಿಂದ ಮನೇಗ್ ಹೋಗಿ ಯಜಮಾನ್ರಿಗೆ ಏನ್ ಹೇಳ್ತೀರಿ? ರಸ್ತೆ ಇತ್ತು, ಬಸ್‌ಸ್ಟ್ಯಾಂಡ್ ಇತ್ತು, ಬೇಕರಿ ಇದ್ದಲ್ಲೇ ಇತ್ತು ಅಂತೀರಾ?"

"ನಂಗೇನ್ ಹುಚ್ಚಾ? ಬೇಕರಿಯೋನು ಮೀಸೆ ಬೋಳಿಸ್ಕೊಂಡವ್ನೆ, ನೋಡಾಕಾಗಲ್ಲ ಅಂತೀನಿ."

ಪಕ್ಕದ ಗೋಡೆಯಾಚೆಯಿಂದ ಬೇಕರಿಯವನು ಕೆಮ್ಮಿದ.

"ಅಷ್ಟೇಯ! ಇದೂ ಅಂಗೇ. ಮೊದಲ್ನೇ ಚಿತ್ರ ಪೂರ್ತಿ ಹೇಳ್ತದೆ. ಆಮೇಲೆ ಏನು ಬದಲಾಯ್ತೋ ಅಷ್ಟೇ ಹೇಳ್ತದೆ. ಗೋಡೆ ಕದಲ್ಲಿಲ್ಲ, ಪುಕ್ಕಟೆ. ಕಂಬ ಕದಲ್ಲಿಲ್ಲ, ಪುಕ್ಕಟೆ. ಅಯ್ಯನೋರು ಕೈ ಎತ್ತಿದ್ರು, ಕೈಯೊಂದನ್ನೇ ಹೇಳ್ತದೆ. ಅದಕ್ಕೇ ಅಷ್ಟು ದೊಡ್ಡ ಮದ್ವೆ ಇಷ್ಟು ಸಣ್ಣದಾಗೋದು. ಆದ್ರೆ ತಾಳಿ ಕಟ್ಟೋ ಹೊತ್ಗೆ ನಮ್ ಜನ ಏನ್ ಮಾಡ್ತಾರೆ? ಮುನ್ನೂರು ಜನ ಒಂದೇ ಸಲಕ್ಕೆ ಅಕ್ಕಿ ಎರಚ್ತಾರೆ. ಒಂದೊಂದು ಕಾಳೂ ಒಂದೊಂದು ಸುದ್ದಿ ಅಮ್ಮೋರೆ! ಯಾವುದೂಂತ ಹೇಳ್ತದೆ, ಪಾಪ? ಬಾಯಿ ಕಟ್ಟೋಯ್ತದೆ."

ನನಗೆ ಥಟ್ಟನೆ ಅರ್ಥವಾಯಿತು. ಊರಿನ ಎಲ್ಲ ಮನೆಯಲ್ಲೂ ಒಂದೇ ದಿನ ಜಗಳವಾದರೆ ನಾನಾದರೂ ಮನೆಗೆ ಬಂದು ನೆಟ್ಟಗೆ ಹೇಳಬಲ್ಲೆನೇ? ಹಾಗೆಂದಾಗ ಅವನು ಕೈ ಮುಗಿದು, "ಈ ಬಾಳ್ಳುಪೇಟೇಲಿ ಇದು ತಿಳ್ದೋರು ನೀವೊಬ್ರೇ" ಎಂದ. ನನ್ನ ಆಯುಸ್ಸಿನಲ್ಲಿ ಯಾರಿಂದಲೂ ಸಿಗದ ಸರ್ಟಿಫಿಕೇಟು ಅದು.

ಅವನು ಜನರನ್ನು ಅಳೆಯುತ್ತಿದ್ದದ್ದೂ ಅದೇ ತಕ್ಕಡಿಯಲ್ಲಿ. ನಮ್ಮ ಯಜಮಾನರು ಒಂದು ಸಲ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತು, ಒಂದು ತಾಸು ಕಣ್ಣು ಮಿಟುಕಿಸದೆ ಹೆದ್ದಾರಿ ನೋಡಿ ಎದ್ದುಹೋದರು. ಅವರು ಆಚೆ ಹೋದದ್ದೇ, "ಎಷ್ಟು ಚೆನ್ನಾಗಿ ಕುಗ್ತಾರೆ ಅಮ್ಮೋರೆ ನಿಮ್ ಯಜಮಾನ್ರು! ಇಡೀ ದಿನ ಹಿಡಿದ್ರೂ ಒಂದು ಹಾಡಿನಷ್ಟು ಜಾಗ ಸಾಕು" ಎಂದು ಮನಸಾರೆ ಹೊಗಳಿದ. ನನ್ನ ವಿಷಯ ಕೇಳಿದ್ದಕ್ಕೆ, "ನೀವು ಕಾರ್ಡಿಗೆ ಹಿಡಿಯೋ ಪೈಕಿ ಅಲ್ಲ ಬಿಡಿ" ಎಂದ. ಅವನಿಗೆ ಆಗದವರ ಪಟ್ಟಿಯಲ್ಲಿ ಅಕ್ಷತೆಯ ನಂತರ ಮಿಣಿಮಿಣಿ ಎನ್ನುವ ಸೀರಿಯಲ್ ಲೈಟು, ಜರಿ ಸೀರೆ, ಗಾಳಿಗೆ ಅಲ್ಲಾಡುವ ಪರದೆ, ಕುಣಿಯುವ ಡೋಲಿನವನು. ಆಷಾಢದ ಮಳೆಯಲ್ಲಿ ಹಿಡಿದ ವಿಡಿಯೋ ತಂದವರನ್ನು ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದ.

ಇಂಥವನ ಹತ್ತಿರ ನಾನು ಅಕ್ಕನ ಕಷ್ಟ ತೆಗೆದುಕೊಂಡು ಹೋದೆ.

ನನ್ನ ಅಕ್ಕನನ್ನು ಕೊಟ್ಟದ್ದು ಯಸಳೂರಿಗೆ. ನನಗಿಂತ ಹನ್ನೆರಡು ವರ್ಷ ದೊಡ್ಡವಳು, ಹನ್ನೆರಡು ಪಟ್ಟು ಹಟದವಳು. ಅವಳ ಸೊಸೆ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಹುಟ್ಟಿದ ಹೆಣ್ಣುಕೂಸನ್ನು ಎದೆಗೆ ಹಾಕಿಕೊಂಡು ಸಾಕಿದವಳು ಅಕ್ಕನೇ. ಆ ಹುಡುಗಿ ಅವಳನ್ನು ಅಜ್ಜಿ ಎಂದು ಕರೆದದ್ದೇ ಇಲ್ಲ, ಅವ್ವಾ ಎಂದೇ ಕರೆಯುತ್ತಿದ್ದಳು. ಅವಳ ಮದುವೆ ಬಾಳ್ಳುಪೇಟೆಯ ಛತ್ರದಲ್ಲಿ ನಿಶ್ಚಯವಾಗಿತ್ತು. ಮೂರು ವಾರ ಇರುವಾಗ ಅಕ್ಕ ಕೊಟ್ಟಿಗೆಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ನಾಯಿತು. ಎರಡು ತಿಂಗಳು ಹಾಸಿಗೆ ಬಿಡಬಾರದು, ಜೀಪು ಹತ್ತುವ ಮಾತೇ ಎತ್ತಬಾರದು ಎಂದರು ಡಾಕ್ಟರು. ಮುಹೂರ್ತ ಮುಂದೆ ಹಾಕೋಣವೆಂದರೆ ಆಷಾಢ ಬರುತ್ತದೆ, ಗಂಡಿನ ಕಡೆಯವರು ಒಪ್ಪುವುದಿಲ್ಲ.

ಅಕ್ಕ ಅಳಲಿಲ್ಲ. ಒಂದು ಷರತ್ತು ಹಾಕಿದಳು.

"ತಾಳಿ ಕಟ್ಟೋದನ್ನ ಕಟ್ಟೋ ಹೊತ್ಗೇ ನಾನು ನೋಡ್ಬೇಕು."

"ಸಿಡಿ ಮಾಡಿಸ್ತೀವಲ್ಲಕ್ಕಾ, ನಾಕ್ ದಿನದಾಗೆ ತಂದು ತೋರಿಸ್ತೀನಿ," ಎಂದೆ.

"ಎಲ್ಲಾ ಉಂಡು ಕೈ ತೊಳ್ಕೊಂಡ್ಮೇಲೆ ನಂಗೆ ಎಂಜಲೆಲೆ ತೋರ್ಸಾಕ್ ಬತ್ತೀಯಾ? ಧಾರೆ ಆಗಾಗಂಟ ಹೆತ್ತೋಳು ಉಣ್ಣಲ್ಲ. ನಾನು ನೋಡಾಗಂಟ ಒಂದು ಗುಟುಕು ನೀರೂ ಮುಟ್ಟಲ್ಲ. ನೋಡ್ಲಿಲ್ವಾ, ಉಣ್ಣಲ್ಲ. ಅಷ್ಟೇಯ."

ಅಕ್ಕನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಎಂಟಕ್ಕೆ ತಿಂಡಿ ತಿಂದು ಮಾತ್ರೆ ನುಂಗದಿದ್ದರೆ ಹತ್ತರ ಹೊತ್ತಿಗೆ ಕೈಕಾಲು ನಡುಗುತ್ತವೆ. ಮುಹೂರ್ತ ಇದ್ದದ್ದು ಹನ್ನೊಂದೂವರೆಗೆ. ಅವಳು ಹೇಳಿದ ಹಾಗೆ ಮಾಡುವವಳೇ ಎಂಬುದರಲ್ಲಿ ನಮಗೆ ಯಾರಿಗೂ ಅನುಮಾನವಿರಲಿಲ್ಲ.

ಇಷ್ಟನ್ನೂ ಕೇಳಿ ಅಂಗಡಿಯವನು ಬನ್ನು ಕೆಳಗಿಟ್ಟ. ಕಳ್ಳನ ಹಾಗೆ ಆಚೆ ಈಚೆ ನೋಡಿ, ಮೇಜಿನ ಒಳಗಿಂದ ಒಂದು ದಪ್ಪ ಫೋನು ತೆಗೆದ.

"ಯಾರ್ಗೂ ಹೇಳಿಲ್ಲ ಅಮ್ಮೋರೆ. ಹೊಸ ಸಾಫ್ಟ್‌ವೇರ್ ಬಂದೈತೆ. ಇಷ್ಟು ದಿನ ಕಂಪ್ಯೂಟ್ರು ಮೂರು ತಾಸು ಬೇಯಿಸ್ತಿತ್ತಲ್ಲಾ, ಇದು ಫೋನಿನೊಳ್ಗೇ, ಹಿಡೀತಾ ಹಿಡೀತಾನೇ ಬೇಯಿಸ್ತದೆ. ಬೇಯಿಸಿದ್ದನ್ನ ಇಂಟರ್ನೆಟ್ಟಾಗೆ ಬಡಿಸ್ತಾ ಹೋಯ್ತದೆ. ಆಚೆ ಕಡೆ ಫೋನಾಗೆ ಕೂತು ಉಣ್ಣೋದೇ."

"ಪರೀಕ್ಷೆ ಮಾಡಿದ್ಯಾ?"

"ಮಾಡ್ದೆ. ಒಂದು ಫೋನ್ ನಮ್ಮನೆಯೋಳ ಕೈಲಿ ಕೊಟ್ಟು, ಇನ್ನೊಂದನ್ನ ಇಲ್ಲಿ ಬಾಗ್ಲಿಗೆ ಒರಗ್ಸಿ ಆಚೆ ನಿಂತೆ. ಮರ್ತು ಬೀಡಿ ಹಚ್ಬುಟ್ಟೆ. ಬಿಟ್ಟಿದ್ದೀನಿ ಅಂತ ಆಣೆ ಮಾಡಿದ್ದೆ ಅಮ್ಮೋರೆ! ಹೊಗೆ ಕಾಣ್ಲಿಲ್ವಂತೆ, ಕೈ ಬಾಯ್ಗೆ ಹೋಗಿ ಬಂದಿದ್ದು ಕಾಣ್ತಂತೆ. ಅಷ್ಟು ಸಾಕಾಯ್ತು ಅವ್ಳಿಗೆ."

ಹೆಂಡತಿಯ ಕೈಗೆ ಸಿಕ್ಕಿಬೀಳುವಷ್ಟು ಚೆನ್ನಾಗಿ ಕಾಣುತ್ತದೆಂದರೆ ತಾಳಿಗೂ ಸಾಕು ಎಂದು ನಾನು ಎದ್ದೆ. ಅವನು ಸೆರಗು ಹಿಡಿದವನಂತೆ ತಡೆದ.

"ತಾಳಿ ತೋರಿಸ್ತೀನಿ. ಆದ್ರೆ ಅಕ್ಷತೆ ಹಾಕಂಗಿಲ್ಲ."

"ಅಕ್ಷತೆ ಇಲ್ದೆ ಮದ್ವೆ ಆಗೋಕೆ ಅದೇನ್ ರಿಜಿಸ್ಟ್ರಾರ್ ಆಫೀಸಾ?"

"ಆಗ್ಲೇ ಹೇಳ್ಲಿಲ್ವಾ? ಮೂರು ತಾಸು ಕೂತು ಬೇಯಿಸಿದ್ರೇ ಒಡೀತದೆ. ಇದು ನಿಂತ ನಿಲುವಲ್ಲಿ ಬೇಯಿಸೋದು. ಮುನ್ನೂರು ಜನ ಎರಚಿದ್ರು ಅಂದ್ರೆ ನಿಮ್ಮಕ್ಕೋರು ತಾಳಿ ನೋಡಲ್ಲ, ಚಿತ್ರಾನ್ನ ನೋಡ್ತಾರೆ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೂಗು ಕಿವಿ ಸೇರಿದ ಮಂಟಪ ನಾನೇ ಬಸ್ಸಿನಲ್ಲಿ ನೋಡಿದ್ದೆ. ಅಕ್ಕ ಅದನ್ನು ನೋಡಿ 'ಕಂಡಿತು' ಎನ್ನುವವಳಲ್ಲ, ಕಂಡರಷ್ಟೇ ಉಣ್ಣುವವಳು.

ಮುಂದಿನ ಭಾನುವಾರ ಅವನು ತನ್ನ ಬೈಕಿನಲ್ಲಿ ಯಸಳೂರಿಗೆ ಬಂದ. ಅಕ್ಕನ ಮನೆಯ ಕೋಣೆ ಕೋಣೆಯಲ್ಲೂ ಫೋನನ್ನು ಆರತಿ ತಟ್ಟೆಯ ಹಾಗೆ ಎತ್ತಿ ಹಿಡಿದು ತಿರುಗಿದ. ದೇವರ ಕೋಣೆಯಲ್ಲಿ ಸಿಗ್ನಲ್ ಇಲ್ಲ, ಅಡುಗೆಮನೆಯಲ್ಲಿ ಇಲ್ಲ, ಅಕ್ಕನ ಮಂಚದ ಬಳಿಯಂತೂ ಸುಳಿವಿಲ್ಲ. ಕೊನೆಗೆ ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕ ಎರಡು ಕಡ್ಡಿ ಬಂದವು. ಒಂದು ಹೆಜ್ಜೆ ಆಚೆ ಹೋದರೆ ಒಂದೇ ಕಡ್ಡಿ. ನೆಲಕ್ಕೆ ಇದ್ದಿಲಿನಲ್ಲಿ ನಾಲ್ಕು ಗುರುತು ಹಾಕಿ, "ಮಂಚದ ಕಾಲು ಇಲ್ಲೇ ಬರ್ಬೇಕು" ಎಂದ.

ಅಕ್ಕ ಒಳಗಿನಿಂದಲೇ ಕೂಗಿದಳು: "ನನ್ನ ಅಂಗಳಕ್ಕೆ ತಂದು ಮಲಗ್ಸೋದು ಸತ್ತ ಮೇಲೆ ಅಂದ್ಕಂಡಿದ್ದೆ!"

ಅಕ್ಕನನ್ನು ನೋಡಿಕೊಳ್ಳಲು ಪಕ್ಕದ ಎಸ್ಟೇಟಿನ ಕೂಲಿ ಲೈನಿನಿಂದ ರತ್ನಿ ಎಂಬ ಹೆಂಗಸು ಬರುತ್ತಿದ್ದಳು. ಅವಳಿಗೆ ತನ್ನ ಎರಡನೇ ದಪ್ಪ ಫೋನು ಕೊಟ್ಟು, ಯಾವ ಬಟನ್ ಒತ್ತಬೇಕೆಂದು ಹನ್ನೊಂದು ಸಲ ಒತ್ತಿಸಿ ಕಲಿಸಿದ. ಚಿತ್ರ ಆ ಫೋನಿನಲ್ಲಿ, ಮಾತು ರತ್ನಿಯ ಫೋನಿನಿಂದ ನನ್ನ ಫೋನಿಗೆ. ಹಾಗೆಂದು ತೀರ್ಮಾನವಾಯಿತು.

ಉಳಿದದ್ದು ಅಕ್ಷತೆ. ಅದನ್ನು ಗಂಡಿನ ಕಡೆಯವರಿಗೆ ಹೇಳುವ ಕೆಲಸ ನನ್ನದು. ನಾನು ಹೆದರಿ ಮದುವೆಯ ಬೆಳಿಗ್ಗೆವರೆಗೂ ಹೇಳಲಿಲ್ಲ.

ಛತ್ರಕ್ಕೆ ಹೋಗಿ ನೋಡಿದರೆ ಅವನು ಆರು ಗಂಟೆಗೇ ಬಂದು ಕೆಲಸ ಶುರುಮಾಡಿದ್ದ. ಮಂಟಪದ ಹಿಂದಿನ ಸೀರಿಯಲ್ ಲೈಟು ಆರಿಸಿದ್ದ. ಗಾಳಿಗೆ ಆಡುತ್ತಿದ್ದ ಹೂವಿನ ಪರದೆಯ ಮೇಲೆ ಎರಡು ಬಿಳಿ ಪಂಚೆ ಎಳೆದು ಪಿನ್ನು ಚುಚ್ಚಿದ್ದ. ಫ್ಯಾನುಗಳೆಲ್ಲ ಬಂದ್. ವಾಲಗದವರ ಹತ್ತಿರ ಹೋಗಿ, "ಊದ್ರಪ್ಪಾ, ಆದ್ರೆ ತಲೆ ಆಡಿಸ್ಬೇಡಿ" ಎಂದು ಕೈ ಮುಗಿಯುತ್ತಿದ್ದ. ನಾನೂ ಸುಮ್ಮನಿರಲಿಲ್ಲ. ಒಳಗೆ ಬರುವ ಪ್ರತಿ ಹೆಂಗಸಿಗೂ, "ಜರಿ ಸೀರೆಯೋರು ಹಿಂದಕ್ಕೆ, ಕಾಟನ್ನೋರು ಮುಂದಕ್ಕೆ, ಕೂತ ಮೇಲೆ ಕದಲಬಾರ್ದು" ಎಂದು ಅಪ್ಪಣೆ ಕೊಟ್ಟೆ. ಜನ ಎಷ್ಟು ಗಂಭೀರವಾಗಿ ಪಾಲಿಸಿದರೆಂದರೆ, ಹತ್ತೂವರೆಗೆ ಆಲೂರಿನಿಂದ ಬಂದ ನೆಂಟರೊಬ್ಬರು ಬಾಗಿಲಲ್ಲೇ ನಿಂತು, "ಯಾರ್ ಹೋಗ್ಬುಟ್ರು?" ಎಂದು ಪಿಸುಗುಟ್ಟಿದರು.

ಗಂಡಿನ ದೊಡ್ಡಪ್ಪ ಬೆವರು ಒರೆಸಿಕೊಳ್ಳುತ್ತಾ ನನ್ನ ಬಳಿ ಬಂದರು. ಎರಡಂತಸ್ತಿನ ಮೀಸೆಯ ಮನುಷ್ಯ.

"ಏನಮ್ಮಾ ಇದು? ಲೈಟಿಲ್ಲ, ಫ್ಯಾನಿಲ್ಲ, ಮಂಟಪಕ್ಕೆ ಪಂಚೆ ಹೊದಿಸಿದ್ದೀರಿ. ಇನ್ನೇನ್ ಬಾಕಿ ಐತೆ?"

"ಇನ್ನೊಂದು ಐತೆ ಬೀಗ್ರೇ," ಎಂದು ಹೇಳಿಯೇಬಿಟ್ಟೆ. "ತಾಳಿ ಕಟ್ಟೋವಾಗ ಅಕ್ಷತೆ ಹಾಕಂಗಿಲ್ಲ."

ಅವರ ಮೀಸೆಯ ಮೇಲಂತಸ್ತು ಎದ್ದು ನಿಂತಿತು. ನಮ್ಮ ಹುಡುಗ ಏನು ಅನಾಥನಾ, ಅಕ್ಷತೆ ಬೀಳದ ತಾಳಿ ತಾಳಿಯಾ, ಯಾವನೋ ಮೊಬೈಲ್ ಅಂಗಡಿಯವನು ನಮ್ಮ ಶಾಸ್ತ್ರಕ್ಕೆ ಅಡ್ಡ ಬರುವುದಾ ಎಂದು ಛತ್ರ ಹಾರಿಹೋಗುವಂತೆ ಕೂಗಿದರು. ಅಂಗಡಿಯವನು ಪಂಚೆಯ ಹಿಂದಿನಿಂದ ಬಂದು ನಿಂತ. ಅವನು ವಾದ ಮಾಡುತ್ತಾನೆ, ಕಾಳು ಕಾಳಿಗೆ ಒಂದೊಂದು ಸುದ್ದಿ ಎಂದು ಪಾಠ ಶುರುಮಾಡುತ್ತಾನೆ ಎಂದುಕೊಂಡಿದ್ದೆ. ಅವನು ಹೇಳಿದ್ದು ಇಷ್ಟೇ:

"ಯಜಮಾನ್ರೇ, ಹತ್ತೂಮುಕ್ಕಾಲಾಯ್ತು. ಆಯಮ್ಮ ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡ್ದಿಲ್ವಂತೆ. ಕೈ ನಡುಗ್ತಾ ಐತಂತೆ. ಫೋನ್ ಬಂದಿತ್ತು."

ಹಸೆಯ ಮೇಲೆ ಕೂತಿದ್ದ ಮದುಮಗಳು ಅದನ್ನು ಕೇಳಿಸಿಕೊಂಡು ಅಳಲು ಶುರುಮಾಡಿದಳು. ಎಲ್ಲರೂ ಅಯ್ಯನವರ ಮುಖ ನೋಡಿದರು. ನಮ್ಮ ಮನೆಯ ಮದುವೆಗಳನ್ನೆಲ್ಲ ಮಾಡಿಸಿದ್ದ ಹಣ್ಣಾದ ಮುದುಕರು ಅವರು. ವಿಭೂತಿ ತಟ್ಟೆ ಪಕ್ಕಕ್ಕಿಟ್ಟು ಕೇಳಿದರು:

"ಅಕ್ಷತೆ ಅಂದ್ರೆ ಏನು?"

"ಆಶೀರ್ವಾದ," ಎಂದರು ದೊಡ್ಡಪ್ಪ.

"ಮೊದ್ಲು ಹಾಕೋರು ಯಾರು?"

"ಮನೇಗ್ ಹಿರೇರು."

"ಈ ಹುಡುಗೀನ ಸಾಕಿದ ಹಿರಿಜೀವ ಎಲ್ಲೈತೆ?"

ದೊಡ್ಡಪ್ಪ ಮೀಸೆ ಸವರುತ್ತಿದ್ದಂತೆ ಅಯ್ಯನವರೇ ಉತ್ತರ ಕೊಟ್ಟರು:

"ಯಸಳೂರಾಗೈತೆ. ಆಯಮ್ಮ ಅಲ್ಲಿ ನೋಡಿ, ಅಲ್ಲಿ ಅಕ್ಷತೆ ಹಾಕ್ಲಿ. ಆಮೇಲೆ ನಾವು ಇಲ್ಲಿ ಹಾಕಾಣ. ಅದಕ್ಕಿಂತ ಮುಂಚೆ ಯಾರಾದ್ರೂ ಒಂದ್ ಕಾಳು ಉದುರ್ಸಿದ್ರೂ ಅದು ಅಪಚಾರ."

ಅಂಗಡಿಯವನು ಹೋಗಿ ಅಯ್ಯನವರ ಕಾಲಿಗೆ ಬಿದ್ದ. ಎದ್ದವನೇ ಅವರ ಹೆಗಲ ಮೇಲಿನ ಜರಿ ಶಾಲನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟ.

ಗಟ್ಟಿಮೇಳ ಮೊಳಗಿತು. ಅವನು ಎರಡು ಮೊಳಕೈಯನ್ನೂ ಪಕ್ಕೆಗೆ ಒತ್ತಿ, ಉಸಿರು ಬಿಗಿಹಿಡಿದು ಫೋನು ಹಿಡಿದಿದ್ದ. ಮದುಮಗ ತಾಳಿ ಕಟ್ಟಿದ. ಮೂರು ಗಂಟೂ ಬಿದ್ದವು. ಮುನ್ನೂರು ಜನ ಅಕ್ಷತೆಯ ಮುಷ್ಟಿ ಬಿಗಿಹಿಡಿದು ನನ್ನ ಮುಖ ನೋಡುತ್ತಾ ನಿಂತರು. ನನ್ನ ಕಿವಿಯಲ್ಲಿ ಫೋನು.

"ಅಕ್ಕಾ, ಕಂಡ್ತಾ?"

"ಏನ್ ಕಾಣದು? ಇನ್ನೂ ಅಯ್ಯನೋರು ತಾಳಿ ಎಲ್ಲಾರ್ಗೂ ಮುಟ್ಟಿಸ್ತಾವ್ರೆ."

"ಕಟ್ಟಾಯ್ತು ಕಣಕ್ಕಾ!"

"ಸುಳ್ ಬೊಗಳ್ಬೇಡ. ನನ್ ಕಣ್ಣೆದುರ್ಗೆ ಐತೆ, ಕಟ್ಟಿಲ್ಲ."

ನಾನು ಗಾಬರಿಯಿಂದ ಅಂಗಡಿಯವನನ್ನು ನೋಡಿದೆ. ಅವನು ತುಟಿ ಅಲ್ಲಾಡಿಸದೆ, "ಹೇಳೋದು ಮರ್ತೆ ಅಮ್ಮೋರೆ. ಬೆಂದು, ಹೋಗಿ, ಬಿಚ್ಕಣಾಕೆ ಮುಕ್ಕಾಲು ನಿಮಿಷ ಬೇಕು" ಎಂದ. ಗಟ್ಟಿಮೇಳದ ಸದ್ದು ಫೋನಿನಲ್ಲಿ ಆಗಲೇ ಯಸಳೂರು ಮುಟ್ಟಿತ್ತು, ತಾಳಿ ಇನ್ನೂ ದಾರಿಯಲ್ಲಿತ್ತು.

ಆ ಮುಕ್ಕಾಲು ನಿಮಿಷ! ವಾಲಗದವರಿಗೆ ನಿಲ್ಲಿಸಬೇಕೋ ಊದಬೇಕೋ ತಿಳಿಯದೆ ಉಸಿರು ಕಟ್ಟಿ ಊದುತ್ತಿದ್ದರು. ಡೋಲಿನವನು ತಲೆ ಆಡಿಸದೆ ಬಾರಿಸಿ ಬಾರಿಸಿ ಕಣ್ಣಲ್ಲಿ ನೀರು ತಂದುಕೊಂಡಿದ್ದ. ದೊಡ್ಡಪ್ಪ ಮುಷ್ಟಿಯನ್ನು ಎದೆಯ ಹತ್ತಿರ ಹಿಡಿದು ಗಡಿ ಕಾಯುವ ಸಿಪಾಯಿಯ ಹಾಗೆ ನಿಂತಿದ್ದರು. ನನ್ನ ಕಿವಿಯಲ್ಲಿ ಅಕ್ಕ ಅಪ್ಪಣೆ ಕೊಡುತ್ತಿದ್ದಳು.

"ಗಂಡಿಗೆ ಹೇಳೇ, ಜಡೆ ಎತ್ತಿ ಹಿಡೀಲಿ, ಸಿಕ್ಕಾಯ್ತದೆ. ಹಾಂ, ಎತ್ತಿದ. ನೋಡು, ನಾ ಹೇಳಿದ್ದು ಕೇಳಿಸ್ತು ಅವನ್ಗೆ! ಒಂದು ಗಂಟು. ಎರಡು. ಬಿಗಿ ಹಾಕು ಮಗಾ. ಮೂರು."

ನಾನು "ಅಕ್ಕಾ, ಅಕ್ಕಾ" ಎಂದೆ. ಸಣ್ಣಗೆ ಮೂಗು ಎಳೆದ ಸದ್ದು. ಬಳಿಕ ರತ್ನಿ ಕಿರುಚಿದಳು: "ಅಯ್ಯೋ ಅಮ್ಮಾರೆ, ಫೋನ್ ಮ್ಯಾಲೇ ಅಕ್ಕಿ ಹಾಕ್ಬುಟ್ರಿ!"

"ಹಾಕ್ರೋ!" ಎಂದು ನಾನು ಕೂಗಿದೆ.

ಫ್ಯಾನಿಲ್ಲದ ಸೆಕೆಗೆ, ಮುಷ್ಟಿಯ ಬೆವರಿಗೆ, ಅರಿಶಿನದಕ್ಕಿ ಉಂಡೆ ಕಟ್ಟಿತ್ತು. ಅಕ್ಷತೆ ಕಾಳಾಗಿ ಬೀಳಲಿಲ್ಲ, ತಂಬಿಟ್ಟಿನ ಉಂಡೆಯಾಗಿ ಬಿತ್ತು. ದೊಡ್ಡಪ್ಪನವರದು ಮದುಮಗನ ಹಣೆಗೇ ತಗುಲಿ ಅಂಟಿಕೊಂಡಿತು. ಛತ್ರವಿಡೀ ನಕ್ಕಿತು, ಅಳುತ್ತಿದ್ದ ಹುಡುಗಿಯೂ ನಕ್ಕಳು. ಅಂಗಡಿಯವನು ಫೋನು ಆರಿಸಿ ಜೇಬಿಗೆ ಹಾಕಿ, ತಟ್ಟೆಯಲ್ಲಿ ಉಳಿದಿದ್ದ ಅಕ್ಕಿಗೆ ಎರಡೂ ಕೈ ಹಾಕಿ, ಮಂಟಪದ ಮೇಲೆ ಬಾಚಿ ಬಾಚಿ ಎರಚಿದ. ಅವನು ಅಕ್ಷತೆ ಹಾಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ದಿನ ಅಕ್ಕ ಕಣದಲ್ಲೇ ಮಂಚದ ಮೇಲೆ ಎಲೆ ಹಾಕಿಸಿಕೊಂಡು ಉಂಡಳು. ಮೂರು ಒಬ್ಬಟ್ಟನ್ನೂ ತಿಂದಳು ಎಂದು ರತ್ನಿ ಆಮೇಲೆ ಚಾಡಿ ಹೇಳಿದಳು. ಬದುಕಿದ್ದ ಮುಂದಿನ ಆರು ವರ್ಷವೂ, "ಮೊದಲ್ನೇ ಅಕ್ಷತೆ ನಂದು" ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದಳು.

ಆಮೇಲಾಮೇಲೆ ಫೋನುಗಳು ದೊಡ್ಡವಾದವು, ನೆಟ್ಟು ಬಿರುಸಾಯಿತು. ಮದುವೆ ಕುಗ್ಗಿಸಿಕೊಡಿ ಎಂದು ಅಂಗಡಿಗೆ ಬರುವವರು ನಿಂತರು. ಅವನು ಬೋರ್ಡಿಗೆ ಬಣ್ಣ ಬಳಿದು ಫೋನಿನ ಕವರು ಮಾರತೊಡಗಿದ. ಬೇಸರವಾ ಎಂದು ಕೇಳಿದರೆ, "ನಮ್ ಕಸುಬನ್ನ ಫೋನೇ ಕಲ್ತ್ಕಂಡ್ಬುಡ್ತು ಅಮ್ಮೋರೆ. ನಮ್ಗಿಂತ ಚೆನ್ನಾಗಿ ಮಾಡ್ತೈತೆ, ಬೇಸ್ರ ಯಾತಕ್ಕೆ?" ಎನ್ನುತ್ತಿದ್ದ. ನನ್ನ ಕೈಗೆ ದೊಡ್ಡ ಫೋನು ಬಂದಾಗ ಮೊದಲು ವಿಡಿಯೋ ಕಾಲ್ ಮಾಡುವುದು ಕಲಿಸಿದವನೂ ಅವನೇ. ಕನ್ನಡದಲ್ಲಿ ಬೆರಳಚ್ಚು ಮಾಡುವುದು ಕಲಿಸುತ್ತೇನೆಂದಿದ್ದ. ಅಷ್ಟರಲ್ಲಿ ನನ್ನ ಮಂಡಿ ಕೈಕೊಟ್ಟು ಬಾಳ್ಳುಪೇಟೆಯ ಓಡಾಟ ನಿಂತಿತು. ಅದನ್ನು ನಾನು ಮೊಮ್ಮಕ್ಕಳಿಂದ ಬೈಸಿಕೊಂಡು ಕ​ಲಿತೆ.

ಒಂದು ಮಾತ್ರ ಉಳಿಯಿತು. ಅಂದಿನಿಂದ ಅಕ್ಕನದೂ ನಮ್ಮದೂ ಎರಡೂ ಮನೆಗಳ ಯಾವ ಮದುವೆಯಲ್ಲೂ ಬರಲಾಗದ ಹಿರಿಯರು ಫೋನಿನಲ್ಲಿ ನೋಡಿ 'ಹಾಕಿದೆ' ಎನ್ನುವವರೆಗೆ ಛತ್ರದಲ್ಲಿ ಯಾರೂ ಅಕ್ಷತೆ ಹಾಕುವುದಿಲ್ಲ. ಮುಷ್ಟಿ ಬಿಗಿಹಿಡಿದು ನಿಲ್ಲುತ್ತಾರೆ. ಈಗಿನ ನೆಟ್ಟಿಗೆ ಮೂಟೆ ಅಕ್ಕಿ ಸುರಿದರೂ ಚಿತ್ರ ಒಡೆಯುವುದಿಲ್ಲ, ಆದರೂ ನಿಲ್ಲುತ್ತಾರೆ. ಹಳೆಯ ಅಯ್ಯನವರು ಹೋಗಿ ಅವರ ಮಗ ಬಂದಿದ್ದಾರೆ. ಯಾರೋ ಹುಡುಗ ಇದೇಕೆಂದು ಕೇಳಿದ್ದಕ್ಕೆ, "ಇದು ಈ ವಂಶದ ಪುರಾತನ ಆಚಾರ" ಎಂದು ಒಂದು ಸಂಸ್ಕೃತ ಶ್ಲೋಕವನ್ನೂ ಹೇಳಿದರು. ನಾನು ಎದುರಿಗೇ ಕೂತಿದ್ದೆ. ಹೌದೆಂದು ತಲೆಯಾಡಿಸಿದೆ.

ಹೋದ ವರ್ಷ ನನ್ನ ಹಿರೀಮಗಳ ಮಗನ ಮದುವೆ ಹಾಸನದಲ್ಲಾಯಿತು. ನನಗೆ ಮಂಡಿ ಆಪರೇಷನ್ನಾಗಿ ವಾರವಷ್ಟೇ ಆಗಿತ್ತು, ಹೋಗುವ ಹಾಗಿರಲಿಲ್ಲ. ಮದುವೆಗೆ ನಾಲ್ಕು ದಿನ ಇರುವಾಗ ಬೇಕರಿಯವನು ಫೋನು ಮಾಡಿ, ಅಂಗಡಿಯವನು ರಾತ್ರಿ ಮಲಗಿದವನು ಏಳಲೇ ಇಲ್ಲ, ಮಣ್ಣು ಮಾಡಿ ಬಂದೆವು ಎಂದ. ಅವನ ಮನೆಗೆ ಹೋಗಿ ಹೆಂಡತಿಯ ಪಕ್ಕ ಕೂರಲೂ ನನಗೆ ಆಗಲಿಲ್ಲ. ಮದುವೆ ಮನೆ, ಯಾರಿಗೂ ಹೇಳಲೂ ಇಲ್ಲ.

ಮುಹೂರ್ತದ ಹೊತ್ತಿಗೆ ಹಾಸಿಗೆಯಲ್ಲಿ ದಿಂಬಿಗೊರಗಿ ಕೂತು, ತೊಡೆಯ ಮೇಲೆ ಅಕ್ಷತೆಯ ಬಟ್ಟಲಿಟ್ಟುಕೊಂಡು ಫೋನು ನೋಡಿದೆ. ಮೊಮ್ಮಗ ಗಂಟು ಹಾಕಿದ್ದು ಕಂಡಿತು. ತಾಳಿಯ ದಾರದ ಅರಿಶಿನ, ಮದುಮಗಳ ಕತ್ತಿನ ಮಚ್ಚೆ, ಎಲ್ಲವೂ ಆ ಕ್ಷಣಕ್ಕೇ ಕಂಡವು.

"ಅಜ್ಜಿ, ಕಾಣಿಸ್ತಾ? ನೀವು ಹಾಕಿದ್ರಾ?" ಎಂದು ಮೊಮ್ಮಗಳು ಅತ್ತಲಿಂದ ಕೇಳಿದಳು.

"ಇನ್ನೂ ಬಂದಿಲ್ಲ ಕಣೇ. ತಡೀರಿ," ಎಂದೆ.

ಎಲ್ಲರೂ ನಿಂತರು. ಐನೂರು ಜನ, ಮುಷ್ಟಿ ಎದೆಗೆ ಹಿಡಿದು, ಅಲ್ಲಾಡದೆ. ಎಷ್ಟು ಹೊತ್ತು ನಿಲ್ಲಿಸಿದೆನೋ ಗೊತ್ತಿಲ್ಲ. ವಾಲಗದವರಿಗೆ ಉಸಿರು ಸಾಲದೆ ನಾದಸ್ವರ ಒಂದು ಸಲ ತಪ್ಪಿತು.

"ಅಜ್ಜಿ, ನೆಟ್‌ವರ್ಕ್ ಪ್ರಾಬ್ಲಮ್ಮಾ?"

"ಹೂಂ ಕಣೇ, ನೆಟ್‌ವರ್ಕೇ," ಎಂದು ಕಣ್ಣೊರೆಸಿಕೊಂಡು, ಬಟ್ಟಲಿಗೆ ಕೈ ಹಾಕಿದೆ.